ಬೆನ್ನಿನ ಮೇಲಿನ ಹೆಸರು

ಕತ್ತೆ ತೊಟ್ಟರೆ ಊರಿಗೆಲ್ಲ ಕಾಣುತ್ತದೆ. ಮನುಷ್ಯ ತೊಟ್ಟರೆ ಯಾರಿಗೂ ಕಾಣುವುದಿಲ್ಲ. ಆ ಅಂಗಿ ಯಾವುದು?

ತಲೆ ಕೆಡಿಸಿಕೊಳ್ಳಬೇಡಿ, ಉತ್ತರ ಸಿಗುವುದಿಲ್ಲ. ನನಗೂ ಸಿಕ್ಕಿರಲಿಲ್ಲ. ಅದಕ್ಕೇ ಗುರುಗಳನ್ನು ಕೇಳಿದೆ. ಒಗಟನ್ನು ನಗುತ್ತಾ ಕೇಳಬೇಕು. ನಾನು ಹಲ್ಲು ಕಡಿಯುತ್ತಾ ಕೇಳಿದೆ. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಕಲ್ಲಿತ್ತು.

ಗುರುಗಳು ಎಂದರೆ ಮಠದವರಲ್ಲ. ಮೋಟಾರ್ ಸೈಕಲ್ ಕಲಿಸುವ ದಸ್ತಗೀರ್ ಮಾಸ್ತರರು. ಸಂತೆ ಮೈದಾನದ ಮೂಲೆಯಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ಎಂಟರ ಆಕಾರದಲ್ಲಿ ಇಟ್ಟು, ಅದರ ನಡುವೆ ನಮ್ಮನ್ನು ಸುತ್ತಿಸುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಮತ್ತೆ ಮೊದಲಿನಿಂದ. ಎಂಟು ಸರಿಯಾಗಿ ಬಂದವರನ್ನು ರಸ್ತೆಗೆ ಇಳಿಸುತ್ತಾರೆ. ಇಳಿಸುವ ಮೊದಲು ಒಂದೊಂದು ರೇಡಿಯಂ ಜಾಕೆಟ್ ಕೊಡುತ್ತಾರೆ. ತೋಳಿಲ್ಲದ ಕಿತ್ತಳೆ ಬಣ್ಣದ ಅಂಗಿ, ಎದೆಗೂ ಬೆನ್ನಿಗೂ ಹೊಳೆಯುವ ಪಟ್ಟಿ.

"ಹಗಲಾಗನೂ ದೀಪ ಹಚ್ಚರಿ. ಜಾಕೆಟ್ ಹಾಕ್ರಿ. ಮುಂದಿನ ಗಾಡಿಯವನ ಮುಖ ಅವನ ಕನ್ನಡಿಯಾಗ ನಿಮಗ ಕಾಣಲಿಲ್ಲ ಅಂದ್ರ, ನಿಮ್ಮ ಮುಖನೂ ಅವಂಗ ಕಾಣೂದಿಲ್ಲ."

ಇದು ಅವರು ದಿನವೂ ಹೇಳುವ ಮಂತ್ರ.

ಜಾಕೆಟ್ ಕೈಗೆ ಬಂದ ದಿನ ನಾನು ಅದನ್ನು ಮೊದಲು ತೊಡಿಸಿದ್ದು ಕತ್ತೆಗೆ. ಮೈದಾನದ ಪಕ್ಕ ಇಟ್ಟಿಗೆ ಹೊರುವ ಕತ್ತೆಯೊಂದು ಮೇಯುತ್ತಿತ್ತು. ಅದರ ಮುಂಗಾಲುಗಳನ್ನು ಜಾಕೆಟ್ಟಿನ ಕಂಕುಳಲ್ಲಿ ತೂರಿಸಿ, ಹೊಟ್ಟೆಗೆ ದಾರ ಕಟ್ಟಿ, ರಸ್ತೆಗೆ ಅಟ್ಟಿದೆ. ಏನು ಮರ್ಯಾದೆ ಅಂತೀರಿ! ಲಾರಿ ನಿಂತಿತು. ಬಸ್ಸು ನಿಂತಿತು. ಮದುವೆಯ ಟೆಂಪೊ ನಿಂತು, ಒಳಗಿದ್ದ ಬೀಗರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಕತ್ತೆ ಬಾಲ ಬೀಸುತ್ತಾ, ಯಾರ ಮುಖವನ್ನೂ ನೋಡದೆ, ನಡುರಸ್ತೆಯಲ್ಲಿ ಒಂದು ಲದ್ದಿಯನ್ನೂ ಹಾಕಿ ದಾಟಿತು. ನಾನು ಬೇಲಿಯ ಹಿಂದೆ ಬಿದ್ದು ಬಿದ್ದು ನಕ್ಕೆ.

ಮರುದಿನ ಅದೇ ಜಾಕೆಟ್ ತೊಟ್ಟು, ದೀಪ ಹಚ್ಚಿ, ಅದೇ ರಸ್ತೆಗೆ ನಾನು ಇಳಿದೆ. ಒಂದು ಬಿಳಿ ಕಾರು ನನ್ನನ್ನು ಹಿಂದೆ ಹಾಕಿತು. ಹಾಕಿದ್ದೇ ತಡ, ನನ್ನ ಮೂಗಿನ ಮುಂದೆಯೇ ಎಡಕ್ಕೆ ಹೊರಳಿತು. ಬ್ರೇಕು ಹಿಡಿದೆ. ಗಾಡಿಯ ಸಮೇತ ಚರಂಡಿಗೆ ಬಿದ್ದೆ. ಕಾರು ಮೈದಾನದ ಎದುರಿನ ಖಾನಾವಳಿಯ ಮುಂದೆ ನಿಂತಿತು. ಅದರಿಂದ ಇಳಿದವನು ಪ್ಯಾಂಟು ಮೇಲಕ್ಕೆಳೆದುಕೊಂಡು ಒಳಗೆ ಊಟಕ್ಕೆ ಹೋದ. ಹಿಂದೆ ತಿರುಗಿಯೂ ನೋಡಲಿಲ್ಲ.

ನಾನು ಮೈದಾನಕ್ಕೆ ಓಡಿ, ಎಂಟರ ತಿರುವಿನಲ್ಲಿದ್ದ ಸುಣ್ಣದ ಕಲ್ಲನ್ನು ಎತ್ತಿಕೊಂಡೆ. ಅವನ ಕಾರಿನ ಮುಂದಿನ ಗಾಜು ಪುಡಿಯಾಗಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಗುರುಗಳು ಅಡ್ಡ ಬಂದರು. ಆಗಲೇ ಆ ಒಗಟನ್ನು ಅವರ ಮುಖಕ್ಕೆ ಎಸೆದದ್ದು.

ಗುರುಗಳು ಕಲ್ಲನ್ನು ಕಸಿಯಲಿಲ್ಲ.

"ಲೇ ಮಂಗ್ಯಾ, ಕಲ್ಲು ಕೈಯಾಗ ಇರ್ಲಿ. ಒಂದು ಕತಿ ಹೇಳ್ತೀನಿ. ಅದು ಮುಗಿಯೂತನಕ ಒಗೀಬ್ಯಾಡ."

"ಅಷ್ಟರಾಗ ಅವ ಉಂಡು ಹೋದ್ರ?"

"ಖಾನಾವಳಿ ಊಟ. ರೊಟ್ಟಿ ಮುಗಿದ ಮ್ಯಾಲೆ ಅನ್ನ ಐತಿ, ಅನ್ನ ಮುಗಿದ ಮ್ಯಾಲೆ ಮಜ್ಜಿಗಿ ಐತಿ. ಕುಂದ್ರು."

ನಾನು ಕೂರಲಿಲ್ಲ. ಗುರುಗಳು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಮಿಠಾಯಿ ವ್ಯಾಪಾರಿ ಇದ್ದ. ಮನೆ ಮನೆಗೆ ಮಿಠಾಯಿ ಮುಟ್ಟಿಸಲು ಅವನ ಬಳಿ ಒಬ್ಬ ಸವಾರ ಕೆಲಸಕ್ಕಿದ್ದ. ಸವಾರನಿಗೆ ಒಂದು ಭಯ. ಲಾರಿ, ಬಸ್ಸು, ಕಾರುಗಳ ನಡುವೆ ತಾನು ಯಾರ ಕಣ್ಣಿಗೂ ಬೀಳದೆ ಒಂದು ದಿನ ಮುಗಿದುಹೋಗುತ್ತೇನೆ ಎಂದು. ಸಂಜೆ ಮನೆಗೆ ಹೋಗಿ ಸೇರಬೇಕು. ಅವನ ಆಸೆ ಅಷ್ಟೆ.

ಸವಾರ ತನ್ನ ರಜೆಯ ದಿನಗಳಲ್ಲಿ ಒಬ್ಬ ಮಾಸ್ತರನ ಬಳಿ ತರಬೇತಿಗೆ ಹೋದ. ಎಲ್ಲಿ ನಿಂತರೆ ಕಾಣುತ್ತೇವೆ, ಎಲ್ಲಿ ನಿಂತರೆ ಮರೆಯಾಗುತ್ತೇವೆ, ಎಲ್ಲವನ್ನೂ ಕಲಿತ. ಕಲಿತು ಮುಗಿದ ದಿನ ಮಾಸ್ತರ ಒಂದು ಜಾಕೆಟ್ ಕೊಟ್ಟ. ಸವಾರ ಅದನ್ನು ತೊಟ್ಟು ಕೆಲಸಕ್ಕೆ ಬಂದ.

ವ್ಯಾಪಾರಿ ಅವನ ಸುತ್ತ ಒಂದು ಸುತ್ತು ಬಂದ. ಬೆನ್ನಿನ ಹಿಂದೆ ನಿಂತ.

"ಎಷ್ಟು ಅಗಲ ಬೆನ್ನು! ಸುಮ್ನ ಖಾಲಿ ಹೊಂಟೈತಲ್ಲೋ," ಎಂದ. "ಅಂಗಡಿ ಹೆಸರು ಬರಸೂಣು. ಈ ಪಟ್ಟಿ ಅಕ್ಷರಕ್ಕ ಅಡ್ಡ ಬರತೈತಿ, ಬಿಚ್ಚಸು."

"ಸಾವ್ಕಾರ್ರ, ಆ ಪಟ್ಟಿಯಿಂದನ ನಾ ಕಾಣೂದ್ರಿ."

"ನೀ ಕಂಡು ಏನಾಗಬೇಕೈತಿ? ಅಂಗಡಿ ಕಾಣಲಿ."

ಪಟ್ಟಿ ಬಿಚ್ಚಿತು. ಅಂಗಡಿಯ ಹೆಸರು ಬಂತು. ಸವಾರ ಬಿಚ್ಚಿದ ಪಟ್ಟಿಯನ್ನು ಎಸೆಯಲಿಲ್ಲ, ಗಾಡಿಯ ಹಿಂದಿನ ಪೆಟ್ಟಿಗೆಗೆ ಅಂಟಿಸಿದ. ವ್ಯಾಪಾರಿ ಪೆಟ್ಟಿಗೆಯ ಮೇಲೆ ಪೇಡೆಯ ಚಿತ್ರ ಬರೆಸಿದ. ಸವಾರ ಉಳಿದ ಚೂರನ್ನು ಹೆಲ್ಮೆಟ್ಟಿಗೆ ಅಂಟಿಸಿದ. ಹೆಲ್ಮೆಟ್ಟಿನ ಮೇಲೆ ಫೋನ್ ನಂಬರ್ ಬಂತು. ಆಮೇಲೆ ಸವಾರನ ಮೈಮೇಲೆ ಸವಾರನದು ಎನ್ನುವ ಜಾಗ ಉಳಿಯಲಿಲ್ಲ.

ವ್ಯಾಪಾರಿಗೆ ಹಿಗ್ಗು. ಸವಾರ ಹೊರಟಾಗಲೆಲ್ಲ ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. ನೋಡಿದವರು, ಆಳಿನ ಮೇಲೆ ಎಷ್ಟು ಕಾಳಜಿ, ಅವನು ಮರೆಯಾಗುವವರೆಗೂ ನಿಂತಿರುತ್ತಾನೆ ಎಂದು ಹೊಗಳಿದರು. ಹೆಸರು ಎಷ್ಟು ದೂರದವರೆಗೆ ಓದಲು ಬರುತ್ತದೆ ಎಂದು ಅವನು ನೋಡುತ್ತಿದ್ದ.

ಒಂದು ಸಂಜೆ ವ್ಯಾಪಾರಿ ತನ್ನ ಕಾರಿನಲ್ಲಿ ಅಂಗಡಿಗೆ ಬರುತ್ತಿದ್ದ. ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂತು. ವ್ಯಾಪಾರಿ ಕಾರು ನಿಲ್ಲಿಸಿದ. ಎಮ್ಮೆಗೆ ಗುದ್ದಿದರೆ ಕಾರಿನ ದೀಪ ಒಡೆಯುತ್ತದೆ. ಎಮ್ಮೆ ದಾರಿ ಬಿಡುವ ಜಾತಿಯಲ್ಲ. ಅದು ತನಗೆ ಬೇಕಾದಾಗ ಹೋಯಿತು. ವ್ಯಾಪಾರಿ ಅಲ್ಲಿಯವರೆಗೂ ಕಾದ.

ಮುಂದೆ ಸವಾರ ಹೋಗುತ್ತಿದ್ದ. ದೀಪ ಹಚ್ಚಿದ್ದ. ಎಡಬದಿಯಲ್ಲಿ, ತನ್ನ ಜಾಗದಲ್ಲಿ, ನೇರವಾಗಿ ಹೋಗುತ್ತಿದ್ದ. ವ್ಯಾಪಾರಿಗೆ ಅವನ ಬೆನ್ನು ಕಂಡಿತು. ಹೆಸರನ್ನು ಓದಿದ. ಹಿಗ್ಗಿದ. ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು ಅಂದುಕೊಂಡ. ಸವಾರನನ್ನು ಹಿಂದೆ ಹಾಕಿದ. ಅಂಗಡಿಯ ಓಣಿ ಬಂತು. ಎಡಕ್ಕೆ ತಿರುಗಿಸಿದ.

ಲಾಡುಗಳು ರಸ್ತೆಯ ತುಂಬ ಉರುಳಿದವು.

ಜನ ಓಡಿ ಬಂದರು. ತಿನ್ನುವುದನ್ನು ತುಳಿಯಬಾರದಲ್ಲ, ಲಾಡು ಇಲ್ಲದ ಕಡೆ ನೋಡಿ ನೋಡಿ ಹೆಜ್ಜೆ ಇಟ್ಟು ಬಂದರು. ಬಂದು ಸವಾರನ ಸುತ್ತ ನಿಂತರು. ಅವನ ತಪ್ಪು ಏನು ಎಂದು ಹುಡುಕಿದರು. ಬಾಯಿ ಮೂಸಿದರು, ಕುಡಿದಿರಲಿಲ್ಲ. ಹೆಲ್ಮೆಟ್ ಇತ್ತು. ಜೇಬಿನಲ್ಲಿ ಲೈಸೆನ್ಸ್ ಇತ್ತು. ಬಿದ್ದ ಗಾಡಿಯ ದೀಪ ಇನ್ನೂ ಉರಿಯುತ್ತಿತ್ತು. ಒಂದು ತಪ್ಪೂ ಸಿಗಲಿಲ್ಲ. ಬೇಸರಪಟ್ಟು, "ಅವನ ಹಣೆಬರಹ," ಎಂದರು.

ನನಗೆ ತಡೆಯಲಾಗಲಿಲ್ಲ. "ಹಣೆಬರಹ ಎಲ್ಲಿಂದ್ರಿ? ಬೆನ್ನಬರಹ ಅನ್ರಿ!" ಎಂದು ಕೂಗಿದೆ.

ಗುರುಗಳು ನಗಲಿಲ್ಲ.

ಪೊಲೀಸ್ ಜಮಾದಾರ ಬಂದು ವ್ಯಾಪಾರಿಯನ್ನು ಕೇಳಿದ, "ಮುಂದ ಮನಷ್ಯಾ ಇದ್ದದ್ದು ಕಾಣಲಿಲ್ಲೇನ್ರಿ?" ವ್ಯಾಪಾರಿ ಹೆಸರಿನ ಹಿಗ್ಗಿನಲ್ಲಿ ನಿಜವನ್ನೇ ಹೇಳಿಬಿಟ್ಟ. "ಕಾಣಲಾರದ ಏನು? ಅಷ್ಟೂ ಓದೀನಲ್ರೀ."

"ಹಂಗಾದ್ರ ಈ ಹಾಳಾದ ಜಾಕೆಟ್ ಯಾಕ ಹಾಕೂದು?" ನಾನು ಅದನ್ನು ಮೈಯಿಂದ ಕೀಳಲು ಹೋದೆ. "ನೋಡವ ಜಾಕೆಟ್ ಇಲ್ಲದಿದ್ರೂ ನೋಡ್ತಾನ. ನೋಡದವ ಹಾಕಿದ್ರೂ ನೋಡೂದಿಲ್ಲ."

"ಕುರುಡಗ ಕಣ್ಣು ಬರಲಿ ಅಂತ ಹಾಕೂದಲ್ಲೋ," ಎಂದರು ಗುರುಗಳು. ಅವರ ದನಿಯಲ್ಲಿ ನನ್ನದಕ್ಕಿಂತ ಹೆಚ್ಚು ಸಿಟ್ಟಿತ್ತು. "ಕಣ್ಣಿದ್ದವ ಕಾಣಲಿಲ್ಲ ಅಂತ ಸುಳ್ಳು ಹೇಳಾಕ ಬರಬಾರದು ಅಂತ ಹಾಕೂದು."

ನಾನು ಜಾಕೆಟ್ ಬಿಟ್ಟೆ. ಕಲ್ಲು ಬಿಡಲಿಲ್ಲ. ಕತೆ ಮುಂದುವರಿಯಿತು.

ಮರುದಿನ ವ್ಯಾಪಾರಿ ಒಂದು ಪೊಟ್ಟಣ ಪೇಡೆ ಹಿಡಿದು ಆಸ್ಪತ್ರೆಗೆ ಹೋದ. ಉದ್ದನೆಯ ವಾರ್ಡು. ಎರಡೂ ಕಡೆ ಮಂಚಗಳು. ಎಲ್ಲರಿಗೂ ಆಸ್ಪತ್ರೆಯ ಒಂದೇ ಬಣ್ಣದ ಬಟ್ಟೆ. ವ್ಯಾಪಾರಿ ಈ ತುದಿಯಿಂದ ಆ ತುದಿಗೆ ಮುಖಗಳನ್ನು ನೋಡುತ್ತಾ ಹೋದ. ಸವಾರನ ಮಂಚದ ಮುಂದೆ ನಿಂತ. ಅವನ ಮುಖ ನೋಡಿದ. ಮುಂದೆ ಹೋದ. ಮತ್ತೆ ಆ ತುದಿಯಿಂದ ಈ ತುದಿಗೆ ಬಂದ. ಮತ್ತೆ ನಿಂತ, ಮತ್ತೆ ನೋಡಿದ, ಮತ್ತೆ ದಾಟಿದ. ಕೊನೆಗೆ ನರ್ಸನ್ನು ಕೇಳಿದ, "ನಮ್ಮ ಹುಡುಗ ಯಾಂವ ಇದರಾಗ?"

ಸವಾರ ಮೊಣಕೈ ಊರಿ ಮಂಚದ ಮೇಲೆ ಎದ್ದ.

"ಸಾವ್ಕಾರ್ರ," ಎಂದ, "ಬೆನ್ನು ತೋರಸ್ಲೇನ್ರಿ?"

ಅಲ್ಲಿಗೆ ಕತೆ ನಿಂತಿತು. ಖಾನಾವಳಿಯ ಬಾಗಿಲು ತೆರೆಯಿತು. ಬಿಳಿ ಕಾರಿನವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಹೊರಗೆ ಬಂದ. ಕಾರಿನ ಬಾಗಿಲಿಗೆ ಕೈ ಹಾಕಿದ. ನಾನು ಕಲ್ಲೆತ್ತಿದೆ.

"ಕತಿ ಮುಗೀತಲ್ರೀ. ಒಗೀಲೇನು?"

"ಒಗಿ," ಎಂದರು ಗುರುಗಳು, "ಅವಂಗ ಕಲ್ಲು ಕಾಣತೈತಿ, ನೀ ಕಾಣೂದಿಲ್ಲ."

ನನ್ನ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕಾರು ಹಾರ್ನ್ ಬಾರಿಸಿ ಹೋಯಿತು. ಬೇಲಿಯ ಬಳಿ ಕತ್ತೆ ಮೇಯುತ್ತಿತ್ತು. ಎಂಟರ ತಿರುವಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ಹೋಗಿ ಕಲ್ಲನ್ನು ಇಟ್ಟೆ. ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಇಷ್ಟಕ್ಕೆ ಬಿಟ್ಟರೆ ಚೆಂದ. ಆದರೆ ಒಂದು ಹೇಳಬೇಕು. ಆಸ್ಪತ್ರೆ ನಾನು ಕಟ್ಟಿದ್ದು. ಗುರುಗಳ ಕತೆಯಲ್ಲಿ ಆಸ್ಪತ್ರೆಯೇ ಬರುವುದಿಲ್ಲ. ಜನ ಬಾಯಿ ಮೂಸುವ ಹೊತ್ತಿಗೇ ಸವಾರ ಸತ್ತಿದ್ದ. ದೀಪ ಮಾತ್ರ ಉರಿಯುತ್ತಿತ್ತು. ವ್ಯಾಪಾರಿ ಹೊಸ ಜಾಕೆಟ್ ಹೊಲಿಸಿದ, ಅಕ್ಷರ ಈ ಸಲ ದಪ್ಪ. ಅದನ್ನು ತೊಟ್ಟು ಇನ್ನೊಬ್ಬ ಹೊರಟ. ವ್ಯಾಪಾರಿ ಮೆಟ್ಟಿಲಿಗೆ ಬಂದು ನಿಂತ. ಗುರುಗಳು ಹೇಳಿದ ಕೊನೆ ಇದು.

ಅದನ್ನು ಹಾಗೆಯೇ ಬರೆಯಲು ನನ್ನಿಂದ ಆಗಲಿಲ್ಲ. ಇಡೀ ಕತೆಯಲ್ಲಿ ಆ ಸವಾರ ಆಡಿದ್ದು ಒಂದೇ ಮಾತು. ಅದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಮಾತಾದರೂ ಆಡಲಿ ಎಂದು ನಾನೇ ಅವನನ್ನು ಬದುಕಿಸಿದೆ.