ಮಾಯಿಗಮ್ಮ ಒರಳನ್ನು ಬೋರಲು ಹಾಕಿದ್ದು

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಕೇಳಬೇಡಿ, ಅದನ್ನೂ ಮೊನ್ನೆ ಬದಲಾಯಿಸಿದ್ದಾರೆ, ಒಬ್ಬ ರಾಜ ಇದ್ದ. ಅವನಿಗೆ ಹೊಸದರ ಹುಚ್ಚು. ಯಾವುದಾದರೂ ನೆಟ್ಟಗೆ ನಡೆಯುತ್ತಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ಊರಿನ ಹಳೇ ಒರಳುಗಳನ್ನೆಲ್ಲ ಕೆರೆ ಏರಿಯಲ್ಲಿ ಹೂಳಿಸಿದ. ಮನೆಮನೆಗೂ ಮಾತಾಡುವ ಹೊಸ ಒರಳು ಕೊಟ್ಟ.

ಆ ಊರಲ್ಲಿ ದೋಸೆ ಹುಯ್ದು ಬದುಕುವ ಮಾಯಿಗಮ್ಮ ಇದ್ದಳು. ಊರಿಗೊಂದು ಕಟ್ಟಳೆಯೂ ಇತ್ತು. ಹೊತ್ತು ಹುಟ್ಟುವಾಗ ಯಾವ ದೋಸೆ ಅಂಗಡಿಯಿಂದ ವಾಸನೆ ಬರುವುದಿಲ್ಲವೋ ಆ ಅಂಗಡಿಯ ಒಲೆ ಮಂತ್ರಿಯ ಭಾಮೈದನಿಗೆ. ಭಾಮೈದ ಆಗಲೇ ಒಲೆ ಹೊರಲು ತಲೆಗೆ ಸಿಂಬಿ ಸುತ್ತಿಕೊಂಡು ಅವಳ ಜಗಲಿ ಮೇಲೆ ಕೂತಿದ್ದ.

ಮಾಯಿಗಮ್ಮ ನೆನೆದ ಅಕ್ಕಿ, ಉದ್ದು ತಂದು ಒರಳಿನ ಮುಂದೆ ಕೂತಳು. "ರುಬ್ಬು" ಅಂದಳು.

"ಹಳೇ ಗುಂಡುಕಲ್ಲಿಗೆ ನಾನು ಒಗ್ಗಲ್ಲ" ಅಂದಿತು ಒರಳು.

ಹೊಸ ಗುಂಡು ತಂದಳು. "ಹಳೇ ಬಾವಿ ನೀರಿಗೆ ನಾನು ತಿರುಗಲ್ಲ" ಅಂದಿತು ಗುಂಡು.

ಹೊಸ ಬಾವಿಗೆ ಹೋದಳು. "ಹೊಸ ಹಗ್ಗ ಇಲ್ಲದೆ ನಾನು ನೀರು ಬಿಡಲ್ಲ" ಅಂದಿತು ಬಾವಿ.

ಹೊಸ ಹಗ್ಗ ತಂದಳು. "ಬಿಸಿ ದೋಸೆ ತಿನ್ನದೆ ನಾನು ಬಾವಿಗಿಳಿಯಲ್ಲ" ಅಂದಿತು ಹಗ್ಗ.

ಮಾಯಿಗಮ್ಮನಿಗೆ ಮೈಯೆಲ್ಲ ಉರಿಯಿತು. ಹೇಳುವ ನನಗೇ ಉರಿಯುತ್ತಿದೆ, ಇನ್ನು ಅವಳಿಗೆ ಹೇಗಾಗಿರಬೇಡ. ಒರಳಿನ ಬಗ್ಗೆ ತಿಳಿಸಿ ಹೇಳುವುದಕ್ಕೆಂದೇ ರಾಜ ಒಬ್ಬ ಪಂಡಿತನನ್ನು ನೇಮಿಸಿದ್ದ. ಅವನನ್ನು ಅಂಗಡಿಗೆ ಎಳೆದುಕೊಂಡು ಬಂದಳು.

"ಸ್ವಾಮಿ, ಇದರಲ್ಲಿ ರುಬ್ಬೋದು ಹೆಂಗೆ?"

"ಇದು ರುಬ್ಬುವ ಒರಳು. ರುಬ್ಬಲು ಇದನ್ನು ಬಳಸತಕ್ಕದ್ದು."

"ಅದು ಗೊತ್ತು. ಬಳಸೋದು ಹೆಂಗೆ?"

"ರುಬ್ಬುವುದರ ಮೂಲಕ."

"ಕೈ ಎಲ್ಲಿಡಬೇಕು?"

"ಕೈ ಇಡುವ ಜಾಗದಲ್ಲಿ. ಇಷ್ಟು ತಿಳಿಯದವರಿಗೆ ಒರಳು ಯಾಕಮ್ಮ?"

ಅಷ್ಟು ಹೇಳಿ ಪಂಡಿತ ಮೀಸೆ ಒರೆಸಿಕೊಂಡ. ಹೊತ್ತು ಇಳಿಯುತ್ತಿತ್ತು. ಈಗ ರುಬ್ಬದಿದ್ದರೆ ಹಿಟ್ಟು ಹುದುಗುವುದಿಲ್ಲ. ಜಗಲಿ ಮೇಲೆ ಭಾಮೈದ ಒಲೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಮಾಯಿಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒರಳನ್ನು ತಬ್ಬಿ ಎತ್ತಿ ಬೋರಲು ಹಾಕಿದಳು. ಅದರ ಬೆನ್ನಿನ ಮೇಲೆ ಅಕ್ಕಿ, ಉದ್ದು ಸುರಿದಳು.

"ನಾನು ತಿರುಗಲ್ಲ" ಅಂದಿತು ಗುಂಡು.

"ತಿರುಗಬೇಡ, ಉರುಳು" ಅಂದು ಅದನ್ನು ಅಡ್ಡ ಮಲಗಿಸಿ ಅರೆಯತೊಡಗಿದಳು. ನೀರಿಗೆ ಅಕ್ಕಿ ನೆನೆದ ನೀರೇ ಸಾಕಾಯಿತು.

ಪಂಡಿತ ಹೌಹಾರಿದ. "ಹೀಗೆಲ್ಲ ಮಾಡಕೂಡದು ಕಣಮ್ಮ."

"ಮಾಡಕೂಡದು ಅಂತ ಯಾವಾಗ ಹೇಳಿದ್ರಿ?"

ಪಂಡಿತ ಯೋಚಿಸಿದ. ಹೇಳಿರಲಿಲ್ಲ. ಅವನು ಏನನ್ನೂ ಹೇಳಿರಲಿಲ್ಲ.

"ಏನೂ ಹೇಳದೆ ಇದ್ದ ಮೇಲೆ ಏನು ಮಾಡಿದ್ರೂ ಸರಿ" ಅಂದಳು ಮಾಯಿಗಮ್ಮ. ಗಲಾಟೆಗೆ ಅಂಗಡಿ ಮುಂದೆ ಸೇರಿದ್ದ ಊರಿನ ಹೆಂಗಸರೆಲ್ಲ ಅದನ್ನು ಕೇಳಿಸಿಕೊಂಡು ಮನೆಗೆ ಹೋಗಿ ಒರಳು ಬೋರಲು ಹಾಕಿದರು.

ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲೇ ದೋಸೆ ವಾಸನೆ ಅರಮನೆ ಮುಟ್ಟಿತು. ಭಾಮೈದ ಖಾಲಿ ಸಿಂಬಿ ಹೊತ್ತು ಮನೆಗೆ ಹೋದ. ರಾಜ ಓಡಿ ಬಂದ.

"ಯಾರನ್ನು ಕೇಳಿ ಒರಳು ಮಗುಚಿದೆ?"

"ಹೊಸ ಪದ್ಧತಿ ಬುದ್ಧಿ. ನಿನ್ನೆಯಿಂದ."

ಹೊಸದು ಅಂದ ಮೇಲೆ ರಾಜ ಬೇಡ ಅನ್ನುವ ಹಾಗಿಲ್ಲ. ಅವನ ಕಣ್ಣು ಅರಳಿತು. "ಹಾಗಾದರೆ ನನಗೂ ಹೇಳಿಕೊಡು."

"ಹೇಳ್ಕೊಡ್ತೀನಿ. ಆದ್ರೆ ನಾನು ಅರ್ಧಂಬರ್ಧ ಹೇಳೋಳಲ್ಲ. ಪೂರ್ತಿ ಮುಗಿಯೋವರೆಗೂ ನೀವು ಏಳಂಗಿಲ್ಲ. ಪಂಡಿತರೂ ಕೂತ್ಕೊಳ್ಳಲಿ."

ಇಬ್ಬರೂ ಕೂತರು. ಮಾಯಿಗಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವುದರಿಂದ ಶುರು ಮಾಡಿದಳು. ಯಾವ ಕಲ್ಲು, ಯಾವ ಬೆರಳು, ಆರಿಸಿದ ಕಲ್ಲನ್ನು ಎಲ್ಲಿ ಎಸೆಯಬೇಕು, ಎಸೆದದ್ದು ಪಕ್ಕದ ಮನೆಯವರಿಗೆ ತಗುಲಿದರೆ ಏನನ್ನಬೇಕು. ರಾಜನಿಗೆ ಕಾಲು ಜೋಮು ಹಿಡಿಯಿತು. ಪಂಡಿತ ಅತ್ತ.

"ಹೊಸದನ್ನು ತರುವುದು ಬಿಟ್ಟೆ ತಾಯಿ, ನನ್ನನ್ನು ಬಿಡು" ಅಂದ ರಾಜ.

"ಕೂತ್ಕೊಳ್ಳಿ ಬುದ್ಧಿ. ಇನ್ನೂ ಉದ್ದಿಗೆ ಬಂದಿಲ್ಲ."

ಅಲ್ಲಿಗೆ ನಮ್ಮ ಕತೆ ನಿಂತಿತು, ಅವಳ ಪಾಠ ನಿಂತಿಲ್ಲ. ನೀತಿ ಬೇಕಾದವರು ಹೋಗಿ ರಾಜನ ಪಕ್ಕ ಕೂತುಕೊಳ್ಳಿ. ಜಾಗ ಇದೆ.