ಇಲ್ಲದ ಹಾಸಿನ ಎರಡು ಬದಿ

"ಗುರುಗಳೇ, ನೊಂದು ಬಂದವರ ಮಾತು ಕೇಳಲೆಂದೇ ಮಠದಲ್ಲಿ ಒಂದು ಕೋಣೆ ಇದೆ. ಜಮಖಾನ ಹಾಸಿದ್ದೇವೆ, ಗಾಳಿಗೆ ಕಿಟಕಿ ಇದೆ, ಯಾರೂ ಕದ್ದು ಕೇಳದಂತೆ ಬಾಗಿಲಿಗೆ ಅಗಳಿ ಇದೆ. ತಾವು ಮಾತ್ರ ಬಂದವರನ್ನು ಬಿಸಿಲಲ್ಲಿ ಕೆರೆಯ ಏರಿ ಮೇಲೆ ನಡೆಸಿಕೊಂಡು ಹೋಗುತ್ತೀರಿ. ಊರವರು ಆಡಿಕೊಳ್ಳುತ್ತಿದ್ದಾರೆ. ಇದು ಸರಿಯೇ?"

ಹೀಗೆ ಕೇಳಿದವನು ಶಿಷ್ಯ ಸಂಗಯ್ಯ. ಆ ಕೋಣೆಯ ಉಸ್ತುವಾರಿ ಅವನದೇ. ನೊಂದವರ ಎದುರು ಕೂತು ಮಾತು ಕೇಳುವವನೂ ಅವನೇ.

"ಆಡಿಕೊಳ್ಳಲಿ ಬಿಡು, ಅವರ ಬಾಯಿಗೂ ಒಂದು ಕೆಲಸ ಬೇಕು" ಎಂದರು ಗುರುಗಳು. "ನಿನ್ನ ಪ್ರಶ್ನೆಗೆ ಒಂದು ಕತೆ ಹೇಳುತ್ತೇನೆ, ಕೇಳು."

ನೇಕಾರರ ಊರೊಂದರಲ್ಲಿ ಒಬ್ಬ ಮುದಿ ಪಂಡಿತನಿದ್ದ. ಮನಸ್ಸಿನ ಬೇನೆ ಕಳೆಯುವುದರಲ್ಲಿ ಹೆಸರಾದವನು. ಅವನ ಮನೆಯ ಒಳಕೋಣೆಯಲ್ಲಿ ಎರಡು ಮಣೆಗಳಿದ್ದವು. ಒಂದರ ಮೇಲೆ ಅವನು, ಎದುರಿನದರ ಮೇಲೆ ನೊಂದವನು. ಬಾಗಿಲು ಮುಚ್ಚಿ, ಕಣ್ಣಲ್ಲಿ ಕಣ್ಣಿಟ್ಟು, "ಏನಾಗೇತಿ ಹೇಳು" ಎನ್ನುತ್ತಿದ್ದ. ಇದರಿಂದ ಗುಣವಾದವರೂ ಇದ್ದರು, ಸುಳ್ಳು ಹೇಳಬಾರದು. ಗುಣವಾಗದಿದ್ದರೆ ಅದು ಬಂದವರದೇ ತಪ್ಪು ಎಂದು ಅವನೂ ನಂಬಿದ್ದ, ಊರೂ ನಂಬಿತ್ತು.

ಅದೇ ಊರಿನಲ್ಲಿ ಒಬ್ಬ ನೇಕಾರನಿದ್ದ. ನೇಯುವ ಮುಂಚೆ ಹಾಸನ್ನು, ಅಂದರೆ ಬಟ್ಟೆಯ ಉದ್ದೆಳೆಗಳ ನೂಲನ್ನು, ಬೀದಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಹಚ್ಚುವುದು ಅಲ್ಲಿಯ ಪದ್ಧತಿ. ಹಾಸಿನ ಆ ಬದಿಗೊಬ್ಬರು, ಈ ಬದಿಗೊಬ್ಬರು ದೊಡ್ಡ ಕುಂಚ ಹಿಡಿದು ಉಜ್ಜುತ್ತ, ಹೆಜ್ಜೆಗೆ ಹೆಜ್ಜೆ ಸೇರಿಸಿ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಬೇಕು. ಗಂಜಿ ಆರುವ ತನಕ ನಿಲ್ಲುವಂತಿಲ್ಲ. ನಿಂತರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಹಾಳಾಗುತ್ತದೆ. ಇಪ್ಪತ್ತು ವರ್ಷ ಈ ನೇಕಾರ ಈ ಬದಿ, ಅವನ ಹೆಂಡತಿ ಆ ಬದಿ ನಡೆದಿದ್ದರು. ಒಂದು ಬೆಳಿಗ್ಗೆ ಅವಳು ಹಾಸಿನ ಪಕ್ಕದಲ್ಲೇ ಕುಸಿದು ಸತ್ತಳು.

ಅಂದಿನಿಂದ ನೇಕಾರ ಮಾತು ಬಿಟ್ಟ. ಮಗ್ಗ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಎದ್ದು ಬರಿಯ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಓಣಿಯ ಹಿರಿಯರು ಸೇರಿ, ಇವನಿಗೆ ತಲೆ ಕೆಟ್ಟಿದೆ, ಹಿತ್ತಲ ಕೋಣೆಯಲ್ಲಿ ಕೂಡಿಹಾಕಬೇಕು ಎಂದರು. ಒಂದೇ ಒಂದು ದಾಕ್ಷಿಣ್ಯ ತೋರಿಸಿದರು. ಮೂರು ದಿನ ಅವನು ಪಂಡಿತನ ಎದುರು ಕೂರಲಿ. ಬಾಯಿ ಬಿಟ್ಟರೆ ಸರಿ, ಇಲ್ಲವಾದರೆ ಬೀಗ.

ಮೊದಲ ದಿನ ನೇಕಾರ ಮಣೆಯ ಮೇಲೆ ಕೂತು ನೆಲ ನೋಡಿದ. ಎರಡನೆಯ ದಿನವೂ ನೆಲವನ್ನೇ ನೋಡಿದ. ಪಾದಗಳು ಮಾತ್ರ ಕೂತಲ್ಲೇ ಅಲುಗುತ್ತಿದ್ದವು. "ಕಾಲು ಸುಮ್ಮ ಇರಲಿ, ಮನಸು ಚದರತೈತಿ" ಎಂದು ಪಂಡಿತ ಗದರಿದ. ಎಂಥ ಜಾಣ ನೋಡು! ಆ ಮೈಯಲ್ಲಿ ಮಾತಾಡುತ್ತಿದ್ದದ್ದು ಕಾಲೊಂದೇ, ಅದನ್ನೂ ಸುಮ್ಮನಾಗಿಸಿದ.

ಮೂರನೆಯ ದಿನ ನೇಕಾರ ಮಣೆಯಿಂದ ಎದ್ದ. ಪಂಡಿತ "ಕುಂದ್ರು" ಎಂದು ಕೂಗಿದರೂ ಕೇಳದೆ ಅಗಳಿ ತೆಗೆದು ಬೀದಿಗೆ ಇಳಿದ. ಪಂಡಿತನಿಗೆ ಸಿಟ್ಟು ನೆತ್ತಿಗೇರಿತು. ಎಳೆದು ತರುತ್ತೇನೆಂದು ಬರಿಗಾಲಲ್ಲೇ ಹಿಂದೆ ಓಡಿ, ನಡುಬೀದಿಯಲ್ಲಿ ಅಡ್ಡ ನಿಂತ. ನೇಕಾರ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

"ನಡುವ ಬರಬ್ಯಾಡ್ರಿ. ಎಳಿ ಹರೀತಾವ."

ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಬೀದಿಯಲ್ಲಿ ಎಳೆಯೂ ಇರಲಿಲ್ಲ, ಹಾಸೂ ಇರಲಿಲ್ಲ. ಹುಚ್ಚು ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಪಂಡಿತನಿಗೂ ಹಾಗೇ ಅನ್ನಿಸಿತು. ಆದರೆ ಮಾತು ಬಂದದ್ದಂತೂ ನಿಜ. ಪಂಡಿತನು ಆ ಇಲ್ಲದ ಹಾಸನ್ನು ಸುತ್ತಿಕೊಂಡು, ಹೆಂಡತಿ ನಡೆಯುತ್ತಿದ್ದ ಆ ಬದಿಗೆ ಹೋದ. ಇಬ್ಬರೂ ನಡೆದರು. ತುದಿ ಮುಟ್ಟಿ ತಿರುಗಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ಸುತ್ತಿಗೆ ಹೆಜ್ಜೆ ಕೂಡಿತು. ಐದನೆಯ ಸುತ್ತಿನಲ್ಲಿ ನೇಕಾರ ಮುಂದೆ ನೋಡುತ್ತಲೇ ಹೇಳಿದ.

"ಎದಿ ಹಿಡದೈತಿ, ನಿಂದರೂಣು ಅಂದ್ಲು. ಗಂಜಿ ಆರೂ ಮಟ ತಡಿ ಅಂದೆ. ಇನ್ನೂ ಎರಡು ಸುತ್ತ ನಡಸಿದೆ."

ಪಂಡಿತ ಸಮಾಧಾನ ಹೇಳಲಿಲ್ಲ. ಅಳುತ್ತಿದ್ದವನ ಜೊತೆ ಹೆಜ್ಜೆ ತಪ್ಪಿಸದೆ ನಡೆದ, ಅಷ್ಟೆ.

ಅಷ್ಟರಲ್ಲಿ ಹಿರಿಯರು ಬೀಗ ಹಿಡಿದುಕೊಂಡು ಬಂದರು. "ಏನ್ರಿ ಪಂಡಿತರ, ನೀವೂ ಹುಚ್ಚರಗತೆ ಬೀದಿ ಸುತ್ತಾಕ ಹತ್ತೀರಿ? ಒಳಗ ನಡೀರಿ. ಎದುರು ಕುಂತು ಆಡಿದ್ರ ಅದು ಮಾತು. ಬೀದ್ಯಾಗ ಬಡಬಡಿಸಿದ್ದನ್ನ ನಾವು ಒಪ್ಪೂದಿಲ್ಲ" ಎಂದರು.

ಪಂಡಿತ ನಿಲ್ಲಲಿಲ್ಲ. ನಡೆಯುತ್ತಲೇ ಓಣಿಗೆಲ್ಲ ಕೇಳುವಂತೆ ಕೂಗಿದ. "ಒಪ್ಪಬ್ಯಾಡ್ರಿ! ಮೂರು ದಿನ ಇವನ ಬಾಯಿ ಕಟ್ಟಿದ್ದು ನನ್ನ ಕೋಣಿ. ಬೀಗ ತಂದೀರಲ್ಲ, ಹೋಗಿ ಅದಕ್ಕ ಹಾಕ್ರಿ!"

ಪಂಡಿತನನ್ನು ದಾಟಿ ನೇಕಾರನ ಮೈಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಅವರು ಬೀಗವನ್ನು ಮನೆಗೂ ಒಯ್ಯಲಿಲ್ಲ. ಎದುರಿನ ಕಟ್ಟೆಯ ಮೇಲಿಟ್ಟು, ನೋಡೋಣ ಎಂದರು.

ಹದಿನೈದು ದಿನ ಇಬ್ಬರೂ ಹೀಗೇ ನಡೆದರು. ಹದಿನಾರನೆಯ ಬೆಳಿಗ್ಗೆ ನೇಕಾರ ನಿಜವಾದ ಹಾಸನ್ನೇ ಬೀದಿಗೆ ಕಟ್ಟಿ ಗಂಜಿ ಹಚ್ಚಿದ. ಆ ಬದಿಗೆ ಪಂಡಿತ ಕುಂಚ ಹಿಡಿದು ನಿಂತ. ಕೆಲಸ ಬಾರದವನು, ಎಳೆ ಕಿತ್ತ, ಬೈಸಿಕೊಂಡ, ಮತ್ತೆ ಕಿತ್ತ. ಬಿಸಿಲೇರಿತು. ಗಂಜಿ ಇನ್ನೂ ಹಸಿಯಾಗಿಯೇ ಇತ್ತು. ಮುದುಕನಿಗೆ ಏದುಸಿರು ಬಂತು.

"ನಿಲ್ಲಸಪಾ, ನನ್ನ ಕೈಲೆ ಆಗವಲ್ದು" ಎಂದ.

ನೇಕಾರ ಆ ಕ್ಷಣವೇ ಕುಂಚ ಕೆಳಗಿಟ್ಟ. ಪಂಡಿತನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಬೆನ್ನು ನೀವಿದ. ಅವರ ಕಣ್ಣೆದುರೇ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಯಾದವು. ಇಡೀ ಹಾಸು ಹಾಳಾಯಿತು. ನೇಕಾರ ಅತ್ತ ತಿರುಗಿಯೂ ನೋಡಲಿಲ್ಲ. ಹಿರಿಯರಲ್ಲಿ ಒಬ್ಬ ಬಂದು, ಯಾರೂ ಹೇಳದೆಯೇ, ಬೀಗ ಎತ್ತಿಕೊಂಡು ಹೋದ.

ಗುರುಗಳು ಕತೆ ಮುಗಿಸಿದರು. ಸಂಗಯ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಹಾಗಾದರೆ ನಮ್ಮ ಕೋಣೆಯನ್ನು ಮುಚ್ಚಿಬಿಡಬೇಕೇ, ಗುರುಗಳೇ? ಅಲ್ಲಿ ಕೂತು ಹಗುರಾದವರು ಎಷ್ಟೋ ಮಂದಿ ಇದ್ದಾರೆ."

"ಕೋಣೆ ಇರಲಿ. ಒಗ್ಗುವವರಿಗೆ ಒಗ್ಗಲಿ" ಎಂದು ಗುರುಗಳು ಎದ್ದು ಮೆಟ್ಟು ಹಾಕಿಕೊಂಡರು. ಆಮೇಲೆ ಕೇಳಿದರು:

"ಇವತ್ತು ಬೆಳಿಗ್ಗೆ ನಿನ್ನೆದುರು ಕೂತು, ಒಂದು ಮಾತೂ ಆಡದೆ ಎದ್ದುಹೋದ ಆ ಹೆಣ್ಣುಮಗಳು ಯಾವ ದಾರಿ ಹಿಡಿದಳು, ಸಂಗಯ್ಯ?"

ಸಂಗಯ್ಯ ತನ್ನ ಮೆಟ್ಟು ಹುಡುಕಿದ.