ಮರದ ಆಳನ್ನು ಕೇಳಬಾರದ ಪ್ರಶ್ನೆ

“ಮುಚ್ಚಿಟ್ಟದ್ದನ್ನು ಹೊರಗಿನವರು ಮುಟ್ಟಬಾರದು ಎಂದು ಮೊದಲ ದಿನವೇ ಕಲಿಸಿದಿರಿ. ಆದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಅದರೊಳಗೆ ಕೆಲಸ ಮಾಡುವ ಒಂದು ಘಟಕವನ್ನು, ಒಂದು ಆಬ್ಜೆಕ್ಟನ್ನು ಹಿಡಿದು, ನಿನ್ನಲ್ಲಿ ಏನೇನು ಗುಣಗಳಿವೆ ಎಂದು ವಿಚಾರಿಸಿದರೆ, ಅದು ಒಂದೊಂದರ ಹೆಸರನ್ನೂ ಹೇಳುತ್ತದೆ. ಪ್ರೈವೇಟ್ ಎಂದು ಬರೆದಿಟ್ಟದ್ದನ್ನೂ ಹೇಳುತ್ತದೆ. ಬದಲಿಸು ಎಂದರೆ ಬದಲಿಸಿಕೊಳ್ಳುತ್ತದೆ. ರಿಫ್ಲೆಕ್ಷನ್ ಎಂದು ಅದಕ್ಕೊಂದು ಹೆಸರೂ ಇದೆ, ಪ್ರೋಗ್ರಾಂ ಬರೆಯುವ ಭಾಷೆಯೇ ಅದನ್ನು ಕೊಟ್ಟಿದೆ. ಕೇಳಿದರೆ ಹೇಳುವ ವಸ್ತುವನ್ನು ಕೇಳುವುದರಲ್ಲಿ ತಪ್ಪೇನು, ಗುರುಗಳೇ?”

ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದ ಶಾಂತವೀರ ಇದನ್ನು ಸುಮ್ಮನೆ ಕೇಳಿರಲಿಲ್ಲ. ಪ್ರೋಗ್ರಾಮಿನಲ್ಲಿ ಬೇರೆ ಯಾರೋ ಬರೆದ ಭಾಗದ ಒಳಗಿದ್ದ ಒಂದು ಸಂಖ್ಯೆ ಅವನಿಗೆ ಬೇಕಾಗಿತ್ತು. ಬರೆದವರು ಅದನ್ನು ಮುಚ್ಚಿದ್ದರು. ಅದನ್ನು ತೆರೆಯುವ ನಾಲ್ಕು ಸಾಲು ಅವನ ಪರದೆಯ ಮೇಲೆ ಸಿದ್ಧವಾಗಿದ್ದವು.

ಗುರುಗಳು ಪರದೆಯ ಕಡೆ ನೋಡಲಿಲ್ಲ. “ಕೂತುಕೋ,” ಎಂದವರೇ ಈ ಕತೆ ಹೇಳಿದರು.

ನಡೆಯುತ್ತಿರುವ ಮರದ ಆಳಿಗೆ ಅದರ ಎದೆಯ ಮೇಲೆ ಕೆತ್ತಿದ ಮಾತನ್ನಲ್ಲದೆ ಬೇರೊಂದು ಮಾತು ಆಡಬಾರದು. ಒಂದು ಊರಿನಲ್ಲಿ ಇದ್ದ ಕಟ್ಟಳೆ ಇದೊಂದೇ. ಒಬ್ಬನನ್ನು ಬಿಟ್ಟು ಊರಿಗೆ ಊರೇ ಅದನ್ನು ಮುರಿಯಿತು.

ಆ ಊರಿಗೆ ಸಿಹಿನೀರಿನ ಬಾವಿ ದೂರ. ಒಬ್ಬ ಬಡಗಿ ಬಂದು, ಒಂದು ಬೇಸಿಗೆ ಅಲ್ಲಿದ್ದು, ಮನೆಗೊಂದರಂತೆ ಮರದ ಆಳು ಮಾಡಿಕೊಟ್ಟ. ಆಳು ಬಾವಿಗೆ ಹೋಗುತ್ತಿತ್ತು, ಕೊಡ ತುಂಬಿಸುತ್ತಿತ್ತು, ಹೊತ್ತು ತರುತ್ತಿತ್ತು. ದಿನಕ್ಕೆ ಎರಡು ಕೊಡ. ಎದೆಯ ಮೇಲೆ ಮೂರೇ ಮಾತು ಕೆತ್ತಿತ್ತು: ಹೋಗು, ಬಾ, ನಿಲ್ಲು. ಬಡಗಿ ಕಟ್ಟಳೆಯನ್ನು ಹೇಳಿ ತನ್ನ ದಾರಿ ಹಿಡಿದ. ಕಾರಣ ಹೇಳಲಿಲ್ಲ. ನೀರು ಬರುತ್ತಿದ್ದುದರಿಂದ ಯಾರಿಗೂ ಕಾರಣ ಬೇಕಾಗಲೂ ಇಲ್ಲ.

ಅಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಬಾಯಿ ಸುಮ್ಮನಿರದು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನಾಲ್ಕು ಜನ ಕೂತಿದ್ದಾಗ, ನೀರು ಹೊತ್ತು ಬರುತ್ತಿದ್ದ ತನ್ನ ಆಳನ್ನು ಮಾತಾಡಿಸಿದ.

“ಏನಯ್ಯಾ, ದಿನಾ ಹೊರುತ್ತೀಯ. ಹೊಟ್ಟೆಯೊಳಗೆ ಏನೇನು ಇಟ್ಟುಕೊಂಡಿದ್ದೀಯ, ಹೇಳು ನೋಡೋಣ.”

ಕೂತವರು ನಕ್ಕರು. ಆಳು ಎತ್ತಿದ ಕಾಲನ್ನು ಇಳಿಸದೆ ನಿಂತಿತು. ಕೊಡದೊಳಗಿನ ನೀರೂ ಅಲುಗಲಿಲ್ಲ.

“ಬಾವಿಯ ದಾರಿ. ಮನೆಯ ಗುರುತು. ಕೊಡದ ತೂಕ. ಮುಚ್ಚಿದ್ದು ಒಂದು,” ಎಂದಿತು. ಅದಕ್ಕೆ ದನಿಯಿದೆ ಎಂಬುದೇ ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

“ಮುಚ್ಚಿದ್ದು ಯಾವುದು?”

“ಕೇಳಿದರೆ ಹೇಳುತ್ತೇನೆ.”

“ಕೇಳಿದೆನಲ್ಲ ಮಾರಾಯ.”

“ಇನ್ನು ಹೊರಬೇಕಾದ ಕೊಡ ಹನ್ನೊಂದು,” ಎಂದು ಆಳು ಕಾಲನ್ನು ಇಳಿಸಿ ಮುಂದೆ ನಡೆಯಿತು.

ಈಗ ಯಾರೂ ನಗಲಿಲ್ಲ. ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಹಾಸಿಗೆ ಹಿಡಿದ. ತುತ್ತು ಇಳಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಬಾಗಿಲನ್ನೇ ನೋಡುತ್ತ ಕೊಡ ಎಣಿಸಿದ. ಆರನೆಯ ದಿನ ಆಳು ಹನ್ನೊಂದನೆಯ ಕೊಡವನ್ನು ತಂದು ಇಳಿಸಿತು. ಅದು ನೆಲಕ್ಕೆ ತಾಗಿದ ಸದ್ದಿಗೆ ವ್ಯಾಪಾರಿಯ ಉಸಿರು ನಿಂತಿತು.

ಎಣಿಕೆ ಅವನ ಆಯುಸ್ಸಿನದಾಗಿತ್ತೋ, ಆಳಿನ ಕೀಲು ಎಷ್ಟು ಬಾಳುತ್ತದೆ ಎಂಬುದರದಾಗಿತ್ತೋ, ಹೇಳಬಲ್ಲವನು ಬಡಗಿ ಒಬ್ಬನೇ. ಅವನು ಯಾವ ಊರಿನಲ್ಲಿದ್ದನೋ. ಅದು ಆಯುಸ್ಸಿನದೇ ಎಂಬುದರಲ್ಲಿ ಜನರಿಗೆ ಮಾತ್ರ ಅನುಮಾನ ಉಳಿಯಲಿಲ್ಲ. ಮರುದಿನದಿಂದ ಮನೆಮನೆಯಲ್ಲೂ ಕೇಳತೊಡಗಿದರು. ಎಣಿಕೆ ಮನೆಯಲ್ಲಿ ಯಾರದು ಎಂದು ಆಳು ಹೇಳುತ್ತಿರಲಿಲ್ಲ. ಅದನ್ನು ಅವರೇ ಊಹಿಸಿಕೊಂಡರು. ಮುದುಕರಿದ್ದರೆ ಮುದುಕರದು, ಹಾಸಿಗೆ ಹಿಡಿದವರಿದ್ದರೆ ಅವರದು. ದೊಡ್ಡ ಎಣಿಕೆ ಬಂದವರು ಬೀದಿಯಲ್ಲಿ ಎದೆಯುಬ್ಬಿಸಿ ನಡೆದರು. ಚಿಕ್ಕ ಎಣಿಕೆ ಬಂದ ಮನೆಯಿಂದ ಹೆಣ್ಣು ತರಲು ಯಾರೂ ಒಪ್ಪಲಿಲ್ಲ.

ಒಬ್ಬ ನೇಕಾರನ ಮನೆಯಲ್ಲಿ ಒಂಬತ್ತು ಎಂದು ಬಂತು. ಮನೆಯಲ್ಲಿ ಅವನ ಮುದಿ ತಾಯಿ ಇದ್ದಳು.

“ಒಂಬತ್ತು ತೆಗೆ. ಒಂಬತ್ತು ಸಾವಿರ ಇಡು,” ಎಂದ ನೇಕಾರ.

“ಇಟ್ಟೆ,” ಎಂದಿತು ಆಳು.

ತಾಯಿ ಒಂಬತ್ತನೆಯ ಕೊಡಕ್ಕೇ ತೀರಿಕೊಂಡಳು. ಮೊದಲ ಎಣಿಕೆ ಅವಳ ಕಿವಿಗೂ ಬಿದ್ದಿತ್ತು. ಆಳು ಮಾತ್ರ ನೀರು ತರುತ್ತಲೇ ಇತ್ತು. ದಿನಕ್ಕೆ ಎರಡು ಕೊಡ ಎಂಬುದು ಅದಕ್ಕೆ ಮರೆತುಹೋಗಿತ್ತು. ನಿಲ್ಲು ಎಂದರೆ ನಿಲ್ಲಲಿಲ್ಲ. ಹಂಡೆ ತುಂಬಿತು, ನಡುಮನೆ ತುಂಬಿತು. ನೇಕಾರ ಮಗ್ಗವನ್ನು ಅಲ್ಲೇ ಬಿಟ್ಟು ಊರು ಬಿಟ್ಟ. ಮುಚ್ಚಿದ ಕದದ ಮೇಲೆ ಆಳು ನೀರು ಸುರಿದು, ಮತ್ತೆ ಬಾವಿಗೆ ಹೋಗಿ, ಮತ್ತೆ ಬಂದು ಸುರಿಯುತ್ತಿತ್ತು. ಅದರ ಒಂದು ಪಾದ ಸವೆದು ಕಳಚಿತು. ಮೊಂಡುಗಾಲಿನಲ್ಲೇ ನಡೆಯಿತು. ಆ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಆದರೂ ಆಳುಗಳನ್ನು ಪ್ರಶ್ನೆ ಕೇಳುವುದನ್ನು ಯಾರೂ ಬಿಡಲಿಲ್ಲ.

ದಿನಾ ಪ್ರಶ್ನೆ ಕೇಳಿಸಿಕೊಂಡು ಆಳುಗಳಿಗೆ ಒಂದು ಹೊಸ ನಡೆ ಬಂತು. ಕೊಡ ಇಳಿಸುವ ಮೊದಲು ಹೊಸ್ತಿಲಲ್ಲಿ ನಿಂತು, ಮನೆಯವರ ಕಡೆ ಮುಖ ತಿರುಗಿಸಿ, ಕಾಯತೊಡಗಿದವು.

ಊರ ಕೊನೆಯ ಮನೆಯಲ್ಲಿ ಒಬ್ಬ ರೈತನಿದ್ದ. ಅವನೊಬ್ಬ ಕೇಳಿರಲಿಲ್ಲ. ಮಾಡಿದವನು ಬೇಡ ಎಂದ ಮೇಲೆ ಬೇಡ; ಕಾರಣ ತನಗೆ ಹೊಳೆಯದಿದ್ದ ಮಾತ್ರಕ್ಕೆ ಕಟ್ಟಳೆ ಸಡಿಲವಾಗುವುದಿಲ್ಲ ಎಂದು ತಿಳಿದವನು. ಊರು ಅವನನ್ನು ಮೊಂಡ ಎನ್ನುತ್ತಿತ್ತು. ಈಗ ಅವನ ಹೆಂಡತಿ ಜ್ವರದಿಂದ ಮಲಗಿ ಹನ್ನೆರಡು ದಿನವಾಗಿತ್ತು. ಹೆಂಡತಿಯ ತಮ್ಮ ಬಂದು ಜಗಲಿಯ ಮೇಲೆ ಕೂತಿದ್ದ.

“ಭಾವ, ಕೇಳಿಬಿಡಿ. ಒಂದೇ ಒಂದು ಮಾತು.”

“ಕೇಳಿ ಏನು ಮಾಡಲಿ?”

“ಏನು ಮಾಡುವುದು ಎಂದರೆ? ದೊಡ್ಡದಿದ್ದರೆ ನೆಮ್ಮದಿಯಾಗಿ ಉಣ್ಣಬಹುದು. ಚಿಕ್ಕದಿದ್ದರೆ ಅಮ್ಮನನ್ನು ಕರೆಸುತ್ತೇನೆ. ಮಗಳ ಮುಖವನ್ನಾದರೂ ನೋಡಿಕೊಳ್ಳಲಿ.”

“ಅಮ್ಮನನ್ನು ಈಗಲೇ ಕರೆಸು. ಮಗಳ ಮುಖ ನೋಡಲು ಮರದ ಅಪ್ಪಣೆ ಏಕೆ?”

“ಎಣಿಕೆ ಹೇಗಿದ್ದರೂ ಒಳಗೆ ಇದ್ದೇ ಇದೆ. ಕೇಳಿದರೂ ಅಷ್ಟೇ, ಕೇಳದಿದ್ದರೂ ಅಷ್ಟೇ. ನಿಮಗೆ ಹೆದರಿಕೆ ಭಾವ, ಒಪ್ಪಿಕೊಳ್ಳಿ.”

“ಹೆದರಿಕೆಯೇ. ಇಲ್ಲ ಎಂದು ಯಾರು ಹೇಳಿದರು?” ಎಂದ ರೈತ.

ಅಷ್ಟರಲ್ಲಿ ಆಳು ಬಂತು. ಹೊಸ್ತಿಲಲ್ಲಿ ನಿಂತಿತು. ಅದರ ಮುಖ ನಿಧಾನವಾಗಿ ರೈತನ ಕಡೆ ತಿರುಗಿತು. ಕಣ್ಣಿನ ಜಾಗದಲ್ಲಿ ಉಳಿಯಿಂದ ಕೊರೆದ ಎರಡು ಗುಳಿ, ಅಷ್ಟೇ. ಈ ಮನೆಯಲ್ಲಿ ಅದನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಆದರೂ ಅದು ಹೇಳಿತು:

“ಕೇಳಿದರೆ ಹೇಳುತ್ತೇನೆ.”

ಹೆಂಡತಿಯ ತಮ್ಮ ಗೋಡೆಗೆ ಒರಗಿದ. ಹನ್ನೆರಡು ದಿನದಿಂದ ಅದುಮಿಟ್ಟಿದ್ದ ಮಾತು ರೈತನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ತೆರೆದರೆ ಸಾಕು, ಆಳು ಸುಳ್ಳು ಹೇಳುವುದಿಲ್ಲ. ಒಳಗಿನಿಂದ ಹೆಂಡತಿ, “ಬಂತೇನು? ಒಂದು ಗುಟುಕು ಕೊಡಿ,” ಎಂದಳು. ಅವಳ ದನಿ ನಿನ್ನೆಗಿಂತ ಸಣ್ಣದಾಗಿತ್ತು.

ರೈತ ಆಳಿನ ಹತ್ತಿರ ಹೋದ.

“ನಿಲ್ಲು,” ಎಂದ.

ಆಳು ನಿಂತಲ್ಲೇ ಉಳಿಯಿತು. ಅದರ ಹೆಗಲಿನಿಂದ ಕೊಡವನ್ನು ತಾನೇ ಇಳಿಸಿ, ಒಳಗೆ ಹೋಗಿ, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಉಳಿದ ನೀರನ್ನು ಹಂಡೆಗೆ ಸುರಿದ. ಖಾಲಿ ಕೊಡವನ್ನು ತನ್ನ ಹೆಗಲಿಗೇರಿಸಿ ಬೀದಿಗಿಳಿದ.

ಬೀದಿಯ ಎರಡೂ ಕಡೆ, ಒಂದೊಂದು ಹೊಸ್ತಿಲಲ್ಲೂ ಒಂದೊಂದು ಆಳು ನಿಂತಿತ್ತು. ಅವನು ದಾಟಿದಂತೆ ಒಂದೊಂದರ ಮುಖವೂ ಅವನ ಹಿಂದೆಯೇ ತಿರುಗಿತು. ಕೇಳಿದರೆ ಹೇಳುತ್ತೇನೆ, ಎಂದಿತು ಮೊದಲನೆಯದು. ಕೇಳಿದರೆ ಹೇಳುತ್ತೇನೆ, ಎಂದಿತು ಎರಡನೆಯದು. ಊರು ಮುಗಿಯುವವರೆಗೆ ಅದೇ ಮಾತು, ಅದೇ ದನಿ. ರೈತ ಕತ್ತು ಹೊರಳಿಸಲಿಲ್ಲ. ಬಾವಿಯ ಕಟ್ಟೆ ಹತ್ತಿ, ಕೊಡದ ಕತ್ತಿಗೆ ಹಗ್ಗ ಬಿಗಿದು, ಕೆಳಗೆ ಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತವೀರ ಮುಂದಿನ ಮಾತಿಗಾಗಿ ಕಾದ. ಕೊನೆಗೆ ತಡೆಯಲಾರದೆ, “ಆ ರೈತನ ಆಳಿನೊಳಗೆ ಎಷ್ಟು ಕೊಡ ಉಳಿದಿತ್ತು, ಗುರುಗಳೇ?” ಎಂದ.

“ಆ ಊರಿನವರೂ ಶುರುಮಾಡಿದ್ದು ಹೀಗೆಯೇ,” ಎಂದರು ಗುರುಗಳು.